ಕೃತಜ್ಞತಾ ಕೂಟ

"ಈ ಬೆಳಗಿಗಾಗಿ..." ಎಂದು ಜಯಶೀಲ ಮತ್ತೆ ನಿಂತುಬಿಟ್ಟ.

ಮುಂದೆ ಬರಬೇಕಾದದ್ದು ಒಂದೇ ಮಾತು: ಸ್ತೋತ್ರ. ಅದು ಗಂಟಲವರೆಗೆ ಬಂದು, ಅಲ್ಲಿ ಯಾರನ್ನೋ ಕಂಡ ಹಾಗೆ ಹಿಂದಕ್ಕೆ ಸರಿಯಿತು. ಮಂಚದ ಆ ತುದಿಯಲ್ಲಿ ಹೆಂಡತಿ ಚೇತನಾ ತಲೆಗೆ ಸೆರಗು ಹೊದ್ದು, ಕಣ್ಣು ಮುಚ್ಚಿ ಕಾಯುತ್ತಿದ್ದಳು. ಅವಳ ಕಾಯುವಿಕೆಯಲ್ಲಿ ಸ್ವಲ್ಪವೂ ಅಸಹನೆ ಇರಲಿಲ್ಲ. ಅದನ್ನೇ ಅವನಿಂದ ಸಹಿಸಲಾಗುತ್ತಿರಲಿಲ್ಲ.

"ಈ ಬೆಳಗಿಗಾಗಿ ಸ್ತೋತ್ರ ತಂದೆಯೇ," ಎಂದು ಕೊನೆಗೆ ಅವಳೇ ಮುಗಿಸಿದಳು. "ಇವರಿಗೆ ಕೊಟ್ಟ ಹೊಸ ಜೀವಕ್ಕಾಗಿ ಸ್ತೋತ್ರ. ಸಾಯಂಕಾಲದ ಕೂಟಕ್ಕಾಗಿ ಸ್ತೋತ್ರ. ಆಮೆನ್."

"ಆಮೆನ್," ಎಂದ. ಅದು ಸಲೀಸಾಗಿ ಬಂತು. ಬೇರೆಯವರ ಮಾತಿನ ಕೆಳಗೆ ಸಹಿ ಹಾಕುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಹೊಸ ಕಿಡ್ನಿ ಹಾಕಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಪಾಸ್ಟರ್ ಹೇಳಿದ್ದರು: "ಬೇಡೋದನ್ನ ಸ್ವಲ್ಪ ದಿನ ಬಿಟ್ಬಿಡಿ ಜಯಶೀಲ್. ಬರೀ ಸ್ತೋತ್ರ ಮಾಡಿ. ಕೃತಜ್ಞತೆ ಅನ್ನೋದು ಅಭ್ಯಾಸ. ಮೊದಮೊದಲು ಬಾಯಲ್ಲಿರುತ್ತೆ, ಆಮೇಲೆ ಎದೆಗಿಳಿಯುತ್ತೆ."

ಕಾಲೇಜಿನಲ್ಲಿ ವರ್ಷಗಟ್ಟಲೆ ಅರ್ಥಶಾಸ್ತ್ರ ಹೇಳಿದವನು. ಬೇಡಿಕೆಯ ವಿಷಯ ಅವನಿಗೆ ಹೊಸದಲ್ಲ. ಡಯಾಲಿಸಿಸ್ಸಿನ ದಿನಗಳಲ್ಲಿ ಪ್ರಾರ್ಥನೆ ನೀರಿನ ಹಾಗೆ ಹರಿಯುತ್ತಿತ್ತು. ರಕ್ತ ಮೈಬಿಟ್ಟು ಯಂತ್ರದೊಳಗೆ ಸುತ್ತಿ ಮರಳಿ ಬರುವಷ್ಟು ಹೊತ್ತೂ ಬೇಡುತ್ತಿದ್ದ. ಬೇಡಿದ್ದು ಸಿಕ್ಕಿತು. ಬೇಡುವುದನ್ನು ತೆಗೆದ ಮೇಲೆ ಪ್ರಾರ್ಥನೆಯಲ್ಲಿ ಏನೂ ಉಳಿದಿಲ್ಲವೆನ್ನುವುದು ಆಮೇಲೆ ಗೊತ್ತಾಯಿತು. ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದ ಮನೆ. ಗೋಡೆಯ ಮೇಲೆ ಬರೀ ಮೊಳೆ.

ಅಭ್ಯಾಸ ಮಾಡಿದ. ಫ್ಯಾನಿಗಾಗಿ ಸ್ತೋತ್ರ ಹೇಳಿದ. ಕಾವೇರಿ ನೀರು ಬಂದದ್ದಕ್ಕೆ ಹೇಳಿದ. ಸಣ್ಣ ಸಣ್ಣದಕ್ಕೆ ಹೇಳುವಾಗ ನಾಲಿಗೆ ತಡವರಿಸುತ್ತಿರಲಿಲ್ಲ. ದೊಡ್ಡದರ ಹತ್ತಿರ ಬಂದ ಕೂಡಲೇ ನಿಲ್ಲುತ್ತಿತ್ತು.

ಬಚ್ಚಲಿಗೆ ಹೋದ. ಒಂದು ಕಾಲದಲ್ಲಿ ಪೂರ್ತಿ ಬತ್ತಿಹೋಗಿದ್ದ ಮೂತ್ರ ಈಗ ಆರೋಗ್ಯವಂತರದ್ದರ ಹಾಗೆ ಸದ್ದು ಮಾಡುತ್ತಾ ಬೀಳುತ್ತಿತ್ತು. ಆ ಸದ್ದಿಗೆ ಅವನ ಮೈಯೆಲ್ಲ ಹಗುರಾಗುತ್ತಿತ್ತು. ದಿನದಲ್ಲಿ ಅವನು ನಿಜವಾಗಿ ಸಂತೋಷಪಡುವ ಹೊತ್ತು ಅದೊಂದೇ. ಸದ್ದು ನಿಂತ ಕೂಡಲೇ ಇನ್ನೊಂದು ಯೋಚನೆ ಬರುತ್ತಿತ್ತು: ಈ ಸದ್ದು ನನ್ನದಲ್ಲ.

ಅದು ಅಕ್ಕನದು. ಸುಗುಣಾಳದು.

"ಅಕ್ಕ ಎಷ್ಟು ಹೊತ್ತಿಗೆ ಬರ್ತಾರಂತೆ?" ಹೊರಗಿಂದ ಚೇತನಾ ಕೇಳಿದಳು.

"ಸಾಯಂಕಾಲ."

"ಭಾವನೂ ಬರ್ತಾರಾ?"

"ನೋಡ್ಬೇಕು."

"ಹೇಳಿದೀರಾ ತಾನೆ?"

"ಹೇಳ್ದೇ ಇರ್ತೀನಾ?"

ಹೇಳಿರಲಿಲ್ಲ. ಚರ್ಚಿನ ಅರ್ಧ ಸಭೆಗೆ ಹೇಳಿದ್ದ. ಕಾಲೇಜಿನವರಿಗೆ ಹೇಳಿದ್ದ. ಕೆಳಗಿನ ಮನೆಯ ಮಹದೇವ್‌ಗೂ ಹೇಳಿದ್ದ. ಅವರು ತಾವು ಲಿಂಗಾಯತರಾದರೂ ಖಂಡಿತ ಬರುತ್ತೇವೆಂದು ಹೇಳಿ, ಕುರ್ಚಿ ಬೇಕೇ ಎಂದು ಕೇಳಿದ್ದರು. ಫೋನಿನಲ್ಲಿ ಅಕ್ಕನ ಹೆಸರಿನ ಹತ್ತಿರ ಬಂದಾಗಲೆಲ್ಲ ಬೆರಳು ತಾನಾಗಿ ಮುಂದಕ್ಕೆ ಜಾರುತ್ತಿತ್ತು.

ಕೊಟ್ಟವಳು ಎದುರಿಗೇ ಕೂತಿರುವಾಗ ದೇವರಿಗೆ ಸ್ತೋತ್ರ ಹೇಳುವುದು ಹೇಗೆ? ಸರಿ, ಅವಳಿಗೇ ಹೇಳೋಣವೆಂದರೆ ಯಾವ ಮಾತಿನಲ್ಲಿ? 'ಥ್ಯಾಂಕ್ಸ್' ಆಟೋದವನಿಗೆ ಹೇಳುವುದು. 'ಕೃತಜ್ಞತೆ' ಕಾಲೇಜ್ ಡೇ ದಿನ ವಂದನಾರ್ಪಣೆಗೆ ಬರುವುದು. 'ಉಪಕಾರವಾಯಿತು' ಅಂದರೆ ಅಕ್ಕಪಕ್ಕದ ಮನೆಯವರ ಮಾತಾಯಿತು. 'ಸ್ತೋತ್ರ' ದೇವರಿಗೆ. ಅಕ್ಕನಿಗೆ ಹೇಳುವ ಮಾತೇ ಇಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಬಾಯಿ ತೆರೆದಿದ್ದ. ಅವಳು ಗೋಡೆ ಹಿಡಿದುಕೊಂಡು, ಹೊಟ್ಟೆಯ ಪಕ್ಕ ಕೈ ಒತ್ತಿಕೊಂಡು ಅವನ ಕೋಣೆಯ ಬಾಗಿಲವರೆಗೆ ಬಂದಿದ್ದಳು. "ಅಕ್ಕಾ..." ಅಂದಿದ್ದ. "ಊಟ ಮಾಡಿದ್ಯಾ?" ಅಂದಿದ್ದಳು. ಆ ಗಳಿಗೆ ಅಲ್ಲಿಗೇ ಮುಗಿದುಹೋಯಿತು. ಮತ್ತೆ ಸಿಕ್ಕಿರಲಿಲ್ಲ.

"ಸ್ವಲ್ಪ ಓಡಾಡ್ಕೊಂಡು ಬರ್ತೀನಿ," ಎಂದ.

"ಚರ್ಚಿಗೆ?"

"ಸಾಯಂಕಾಲ ಇದೆಯಲ್ಲ."

"ಮಾಸ್ಕ್ ಹಾಕ್ಕೊಳ್ಳಿ," ಎಂದಳು ಚೇತನಾ.

ಆರ್‌ಪಿಸಿ ಲೇಔಟಿನಿಂದ ಮೆಟ್ರೋ ಸ್ಟೇಷನ್ನಿಗೆ ನಡೆದು, ಕೆಂಗೇರಿಯ ಕಡೆಯ ರೈಲು ಹತ್ತಿದ. ಭಾನುವಾರವಾದ್ದರಿಂದ ಸೀಟು ಸಿಕ್ಕಿತು. ಎದುರಿನ ಹುಡುಗಿಯೊಬ್ಬಳು ಅವನ ಮಾಸ್ಕ್ ನೋಡಿ, ಮಗ್ಗುಲಲ್ಲಿದ್ದ ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು. ಕಾಯಿಲೆ ನನ್ನಿಂದ ನಿಮಗೆ ಬರುವುದಿಲ್ಲ, ನಿಮ್ಮಿಂದ ನನಗೆ ಬರಬಾರದೆಂದು ಹಾಕಿರುವುದು ಎಂದು ಹೇಳಬೇಕೆನ್ನಿಸಿತು. ಮುಖ ಆಚೆ ತಿರುಗಿಸಿದ. ಕಿಟಕಿಯ ಕೆಳಗೆ ಮೈಸೂರು ರಸ್ತೆ, ಅದರ ಪಕ್ಕದಲ್ಲಿ ಕಪ್ಪಗೆ ನೊರೆಗರೆಯುತ್ತಾ ವೃಷಭಾವತಿ ಹೊಳೆ.

ಅವನ ಅಪ್ಪ ಸಭೆಯ ಹಿರಿಯರಾಗಿದ್ದವರು. ರಾತ್ರಿ ಊಟಕ್ಕೆ ಮುಂಚೆ ಮನೆಯ ಎಲ್ಲರ ಹೆಸರೆತ್ತಿ ಪ್ರಾರ್ಥಿಸುತ್ತಿದ್ದರು. ಸುಗುಣಾ ಕೆಂಗೇರಿಯ ಹಿಂಡಿ-ಬೂಸಾ ಅಂಗಡಿಯ ಗಿರಿರಾಜನನ್ನು ರಿಜಿಸ್ಟರ್ ಮದುವೆಯಾದ ದಿನ ರಾತ್ರಿಯೂ ಪ್ರಾರ್ಥನೆ ನಡೆಯಿತು. ಅವಳ ಹೆಸರು ಬರಬೇಕಾದ ಜಾಗದಲ್ಲಿ ಅಪ್ಪ ಒಂದು ಉಸಿರಿನಷ್ಟು ನಿಂತು, ಮುಂದಕ್ಕೆ ಹೋದರು. ಅದಾದ ಮೇಲೆ ಆ ನಿಲ್ಲುವಿಕೆಯೂ ಹೋಯಿತು. ಹೆಸರು ಇದ್ದ ಜಾಗ ಮುಚ್ಚಿಕೊಂಡಿತು.

ಚೇತನಾಳಿಗೆ ಸಕ್ಕರೆ ಕಾಯಿಲೆ. ಅವಳ ಕಿಡ್ನಿ ಆಗದು ಎಂದಿದ್ದರು ಡಾಕ್ಟರು. ಆಗ ಸುಗುಣಾ ತಾನಾಗಿ ಫೋನು ಮಾಡಿದ್ದಳು. ಅಮ್ಮನ ಮಣ್ಣಿಗೆ ಬಂದು ಹೋದ ಮೇಲೆ ಅವಳು ಮಾಡಿದ ಮೊದಲ ಫೋನು. "ನಂದು ನೋಡ್ಲಿ ಬಿಡೋ, ಆಗುತ್ತೇನೋ," ಎಂದಿದ್ದಳು. ಮನೆಯಲ್ಲಿರುವ ಎರಡನೇ ಕುಕ್ಕರನ್ನು ಕೊಡುವವಳ ಹಾಗೆ.

ಸಭೆಯವರಿಗೆ ಮಾತ್ರ ಅವನು ಬೇರೆ ಮಾತು ಹೇಳಿದ್ದ: 'ಕರ್ತನು ಒಬ್ಬ ದಾನಿಯನ್ನು ಒದಗಿಸಿದನು.' ಅದು ಸುಳ್ಳಲ್ಲ ಎಂದು ತನಗೆ ತಾನು ಹಲವು ಸಲ ಹೇಳಿಕೊಂಡಿದ್ದ.

ಅಂಗಡಿಯ ಹಿಂದೆಯೇ ಮನೆ. ಹಿಂಡಿಯ ವಾಸನೆ ಬೀದಿಯವರೆಗೂ. ಬಾಗಿಲಲ್ಲಿ ಅಕ್ಕನ ಅತ್ತೆ ಯಶೋದಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಯಾರು? ಓ, ಸುಗುಣನ ತಮ್ಮ! ಬಾಪ್ಪಾ ಒಳಿಕ್ಕೆ. ಹೆಂಗೈತೆ ಮೈ?"

"ಚೆನ್ನಾಗಿದೀನಮ್ಮ."

"ಆಚೆ ಕಡೆ ಏನೂ ತಿನ್ನಂಗಿಲ್ವಂತಲ್ಲ. ಉಪ್ಪು ಕಮ್ಮಿ ಹಾಕಿ ಬಿಸಿಬಿಸಿ ಮುದ್ದೆ ಮಾಡಿಸ್ತೀನಿ, ಉಂಡ್ಕಂಡೇ ಹೋಗ್ಬೇಕು."

ಬೇಡವೆಂದ. ಅವರು ಕೇಳಿಸಿಕೊಳ್ಳದೆ ಎದ್ದು ಹೋದರು. ಈ ಮನೆಯವರು ಒಬ್ಬರಾದರೂ ತನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಹಿತ್ತಲಿಂದ ಸುಗುಣಾ ಬಂದಳು. ಕೈ ಒರೆಸಿಕೊಳ್ಳುತ್ತಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಖ ಉಬ್ಬಿದ ಹಾಗಿತ್ತು. ನಿದ್ದೆಯದೇ ಇರಬೇಕು.

"ಏನೋ, ಹೇಳ್ದೆ ಕೇಳ್ದೆ?"

"ಸುಮ್ನೆ."

"ಮಾತ್ರೆ ತಗೊಂಡ್ಯಾ?"

"ಹೂಂ. ನೀನು ಹೆಂಗಿದೀಯ?"

"ನಂಗೇನಾಗಿದೆ?"

ಅವಳು ಹೊಸ್ತಿಲ ಮೇಲೆ ಕೂತು, ಒಂದೊಂದೇ ಕಾಲನ್ನು ಎತ್ತಿ ಮುಂದಕ್ಕೆ ಚಾಚಿಕೊಂಡಳು. ಅವನ ಕಣ್ಣು ಹೋಯಿತು. ಪಾದದ ಮೇಲಿನ ಗಂಟುಗಳು ಕಾಣುತ್ತಿರಲಿಲ್ಲ. ಕಾಲುಂಗುರ ಬೆರಳೊಳಗೆ ಹೂತುಹೋಗಿತ್ತು. ಚರ್ಮಕ್ಕೆ ಒಂಥರಾ ಹೊಳಪು. ಆ ಹೊಳಪು ಅವನಿಗೆ ಗೊತ್ತು. ಕಿಡ್ನಿ ಕೆಟ್ಟಿದ್ದಾಗ ಅಂಥವೇ ಆಗಿದ್ದ ತನ್ನ ಕಾಲುಗಳನ್ನು ಅವನು ವರ್ಷಗಟ್ಟಲೆ ಬೆಳಗೆದ್ದು ನೋಡಿಕೊಂಡಿದ್ದ.

"ಕಾಲು..." ಎಂದ.

"ಬೆಳಗ್ಗೆಯಿಂದ ನಿಂತೇ ಇದೀನಿ ಕಣೋ. ಹಸು ಬೇರೆ ಈದಿದೆ."

"ಚೆಕಪ್ಪಿಗೆ ಹೋಗಿದ್ಯಾ?"

"ಹೋಗ್ಬೇಕು. ನಿಮ್ ಭಾವಂಗೆ ಪುರುಸೊತ್ತಾಗ್ಲಿ."

ಅವಳು ಸೀರೆಯ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡಳು. ಹಿತ್ತಲಲ್ಲಿ ಕರು ಕೂಗಿತು. ಅವನು ಎದ್ದು, ಆ ಅಂಚನ್ನು ಸರಿಸಿ, ಈಗಲೇ ನಡಿ ಆಸ್ಪತ್ರೆಗೆ ಎನ್ನಬೇಕಿತ್ತು. ಎಂದರೆ ಮುಂದೇನು? ಪರೀಕ್ಷೆ. ಅದರ ಫಲಿತಾಂಶ. ಆಮೇಲೆ ಇಡೀ ಜೀವಮಾನ ಅವಳೆದುರು ನಿಲ್ಲುವುದು.

"ನಿಂತಿದ್ದಕ್ಕೇ ಇರ್ಬೇಕು," ಎಂದ.

"ನಿಂತಿದ್ದಕ್ಕೇ," ಎಂದಳು.

ಸ್ತೋತ್ರ ತಂದೆಯೇ.

ಅದು ತಾನಾಗಿ ಬಂತು. ಬಾಯಿಂದಲ್ಲ, ಪಾಸ್ಟರ್ ಹೇಳಿದ್ದ ಆ ಆಳದಿಂದ, ಎದೆಯೊಳಗಿಂದ, ಬೆಚ್ಚಗೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೂ ಬಾರದಿದ್ದದ್ದು ಈಗ ಒಂದು ನೆಪ ಸಿಕ್ಕಿದ್ದಕ್ಕೆ ಬಂದಿತ್ತು. ಜಯಶೀಲ ತನ್ನ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ. ಅವನ ಕಿವಿ ಬಿಸಿಯಾಗಿತ್ತು.

"ಸಾಯಂಕಾಲ ಮನೇಲಿ ಒಂದು ಕೂಟ ಇಟ್ಕೊಂಡಿದೀವಿ."

"ಏನು ಕೂಟ?"

"ಕೃತಜ್ಞತಾ ಕೂಟ."

"ಯಾರಿಗೆ?"

ಅವಳು ಚುಚ್ಚಿ ಕೇಳಿರಲಿಲ್ಲ. ಯಾರ ಮದುವೆ, ಯಾರ ಗೃಹಪ್ರವೇಶ ಎಂದು ಕೇಳುವ ಹಾಗೆ ಕೇಳಿದ್ದಳು.

"ದೇವರಿಗೆ," ಎಂದ.

"ಹೂಂ. ಒಳ್ಳೇದು." ಅವಳು ನಕ್ಕಳು. "ಇವತ್ತೇನೋ ಬಂದು ಹೇಳೋದು?"

"ನೀನು ಬರ್ಬೇಕು ಅಕ್ಕ."

"ಬರ್ತೀನಿ. ನಿಮ್ ಭಾವ ಬಿಟ್ಟು ಹೋಗ್ತಾರೆ. ಆದ್ರೆ ಒಂದು. ಅಲ್ಲಿ ನನ್ನ ಹೆಸರು ಎತ್ಬೇಡ ಕಣೋ. ಎಲ್ರೂ ತಿರುಗಿ ನೋಡ್ತಾರೆ."

"ಆಯ್ತು," ಎಂದ, ಬೇಗನೆ. ಎಷ್ಟು ಬೇಗ ಎಂದರೆ ಅವಳು ತಲೆಯೆತ್ತಿ ಅವನನ್ನು ನೋಡಿದಳು.

ಯಶೋದಮ್ಮ ತಟ್ಟೆ ತಂದಿಟ್ಟರು. ಮುದ್ದೆ, ಸೊಪ್ಪಿನ ಸಾರು. ಅವನು ಮಾಸ್ಕ್ ಇಳಿಸಿ ಎಲ್ಲವನ್ನೂ ಉಂಡ. ಊಟಕ್ಕೆ ಮುಂಚೆ ಮಾಡುವ ಪ್ರಾರ್ಥನೆ ಆಮೇಲೆ ನೆನಪಾಯಿತು.

*

ಸಾಯಂಕಾಲ ಮನೆ ತುಂಬಿತ್ತು. ಮಹದೇವ್ ಕಳಿಸಿದ ಪ್ಲಾಸ್ಟಿಕ್ ಕುರ್ಚಿ, ನೆಲಕ್ಕೆ ಜಮಖಾನ, ಬಾಗಿಲಾಚೆ ಚಪ್ಪಲಿಗಳ ರಾಶಿ. ಸುಗುಣಾ ಬಂದದ್ದು ಮೊದಲ ಕೀರ್ತನೆ ನಡೆಯುತ್ತಿರುವಾಗ. ಗಿರಿರಾಜ್ ಮೇಲೆ ಬರಲಿಲ್ಲ. ಲಗೇಜ್ ಆಟೋದಲ್ಲಿ ಅವಳನ್ನು ಇಳಿಸಿ, ಯಾರಿಗೋ ಬೂಸಾ ಹಾಕಿ ಬರುತ್ತೇನೆಂದು ಹೋಗಿದ್ದ. ಚೇತನಾ ಓಡಿಹೋಗಿ ಅವಳನ್ನು ತಬ್ಬಿಕೊಂಡು ಅತ್ತಳು. ಅವಳಿಗೆ ಅದು ಬರುತ್ತಿತ್ತು. ನೋಡಿದಾಗಲೆಲ್ಲ ತಬ್ಬಿಕೊಂಡು ಅಳುತ್ತಿದ್ದಳು, ಅಳು ಮುಗಿದ ಮೇಲೆ ಹಗುರಾಗಿ ಕಾಫಿ ಮಾಡುತ್ತಿದ್ದಳು.

"ಮುಂದೆ ಕೂತ್ಕೊಳ್ಳಿ ಅಕ್ಕ."

"ಇಲ್ಲೇ ಗಾಳಿ ಬರುತ್ತೆ," ಎಂದು ಸುಗುಣಾ ಬಾಗಿಲ ಪಕ್ಕದಲ್ಲೇ ಗೋಡೆಗೊರಗಿ ಕೂತಳು.

ಪಾಸ್ಟರ್ ಚಿಕ್ಕದಾಗಿ ಮಾತಾಡಿದರು. ಆಮೇಲೆ, "ಈಗ ನಮ್ಮ ಸಹೋದರ ಜಯಶೀಲ್ ಸಾಕ್ಷಿ ಹೇಳಿ, ಸ್ತೋತ್ರದ ಪ್ರಾರ್ಥನೆ ಮಾಡ್ತಾರೆ," ಎಂದರು.

ಅವನು ಎದ್ದು ನಿಂತ. ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿಕೊಂಡರು. ಫ್ಯಾನಿನ ಸದ್ದು. ಯಾರೋ ಕೆಮ್ಮಿದರು.

"ಕರ್ತನೇ," ಎಂದ.

ನಿಂತ. ಈ ಸಲ ಮುಗಿಸಿಕೊಡುವವರು ಯಾರೂ ಇರಲಿಲ್ಲ. ನನ್ನ ಅಕ್ಕ ಸುಗುಣಾ. ಮೂರೇ ಮಾತು. ಅವಳು ಬೇಡವೆಂದಿದ್ದಾಳೆ. ಬೇಡವೆಂದದ್ದಕ್ಕೇ ಹೇಳಬೇಕೋ, ಅಥವಾ ಅವಳು ಬೇಡವೆಂದಳೆಂಬ ಧೈರ್ಯದ ಮೇಲೆ ಬಿಡಬೇಕೋ? ಸಭೆ ಕಾಯುತ್ತಿತ್ತು. ಅವನ ಮೌನವನ್ನು ಅವರು ದುಃಖವೆಂದುಕೊಂಡರು. ಮುಂದೆ ಕೂತಿದ್ದ ಗ್ರೇಸಮ್ಮ ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದರು.

"ಕರ್ತನೇ, ನಾನು ಸತ್ತವನ ಹಾಗಿದ್ದೆ," ಎಂದ. ದನಿ ತುಸು ನಡುಗಿತು. ಆ ನಡುಕ ಚೆನ್ನಾಗಿದೆ ಎಂದು ಒಳಗೆ ಯಾರೋ ಗಮನಿಸಿದರು. "ನೀನು ನನ್ನನ್ನು ಎಬ್ಬಿಸಿದೆ. ನನ್ನ ರಕ್ತ ಕೆಟ್ಟಿತ್ತು, ನೀನು ತೊಳೆದೆ. ಸ್ತೋತ್ರ."

"ಸ್ತೋತ್ರ," ಎಂದಿತು ಸಭೆ.

ಆಮೇಲೆ ತಡೆಯಲಿಲ್ಲ. ಡಯಾಲಿಸಿಸ್ಸಿನ ದಿನಗಳಲ್ಲಿ ಹರಿಯುತ್ತಿದ್ದ ಹಾಗೇ ಹರಿಯಿತು. ಮಾತಿನ ಹಿಂದೆ ಮಾತು, ಒಂದಕ್ಕಿಂತ ಒಂದು ಚೆಲುವಾಗಿ. ಚೇತನಾ ಬಿಕ್ಕಿದಳು. ಪಾಸ್ಟರ್ "ಹೌದು ಕರ್ತನೇ, ಹೌದು" ಎನ್ನುತ್ತಿದ್ದರು. ಇಷ್ಟು ಚೆನ್ನಾಗಿ ಅವನು ಯಾವತ್ತೂ ಪ್ರಾರ್ಥಿಸಿರಲಿಲ್ಲ.

"ಯಾರೂ ದಿಕ್ಕಿಲ್ಲದಾಗ, ನಿನ್ನ ಒಬ್ಬ ದಾಸಿಯ ಮೂಲಕ..."

ಮಾತು ಹೊರಗೆ ಬಂದ ಮೇಲೆ ಅವನಿಗೆ ಕೇಳಿಸಿತು. ದಾಸಿ. ಪ್ರಾರ್ಥನೆಯಲ್ಲಿ ಎಲ್ಲರೂ ದಾಸರೇ, ಎಲ್ಲರೂ ದಾಸಿಯರೇ. ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ. ಆದರೂ ಕಣ್ಣು ತೆರೆದ.

ಮುಚ್ಚಿದ ಕಣ್ಣುಗಳ ಆ ಕೋಣೆಯಲ್ಲಿ ಇನ್ನೆರಡು ಕಣ್ಣು ತೆರೆದಿದ್ದವು. ಸುಗುಣಾ ಅವನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ. ಬಸ್ಸಿನಲ್ಲಿ ಎದುರು ಕೂತ ಗುರುತಿಲ್ಲದವನನ್ನು ನೋಡುವ ಹಾಗೆ, ಸ್ವಲ್ಪ ಕುತೂಹಲದಿಂದ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಮುಗಿಸಿದ.

ಆಮೆನ್ ಎಂದವರೆಲ್ಲ ಕಣ್ಣೊರೆಸಿಕೊಂಡು ಹಿಂದುಮುಂದು ನೋಡುವಾಗ ಗ್ರೇಸಮ್ಮ ಬಾಗಿಲ ಕಡೆ ತಿರುಗಿದರು.

"ಅಯ್ಯೋ! ಸುಗುಣಾ ಅಲ್ವಾ ಅದು? ಹಿರಿಯರ ಮಗಳು!"

ಎಲ್ಲರೂ ತಿರುಗಿ ನೋಡಿದರು.

"ಪಾಸ್ಟರ್, ಇದು ಇನ್ನೊಂದು ಸ್ತೋತ್ರದ ವಿಷಯ. ಈ ಮಗಳು ಸಭೆ ಬಿಟ್ಟು ಹೋಗಿ ಎಷ್ಟು ವರ್ಷ ಆಯ್ತೋ. ತಮ್ಮನ ಮೂಲಕ ಕರ್ತ ಮತ್ತೆ ಕರ್ಕೊಂಡ್ ಬಂದಿದಾನೆ ನೋಡಿ. ಕ್ಷಮಾಪಣೆಗಾಗಿ ಒಂದು ಪ್ರಾರ್ಥನೆ ಮಾಡಿ."

ಸುಗುಣಾ ಎದ್ದು ನಿಲ್ಲಲು ನೋಡಿದಳು. ಅಷ್ಟರಲ್ಲಿ ಪಾಸ್ಟರ್ ಬಂದು ಅವಳ ತಲೆಯ ಮೇಲೆ ಕೈಯಿಟ್ಟಿದ್ದರು. ಚೇತನಾ ಕಾಫಿಯ ಟ್ರೇ ಕೆಳಗಿಟ್ಟು, "ಅಲ್ಲ ಪಾಸ್ಟರ್, ಅಕ್ಕನೇ..." ಎಂದು ಶುರು ಮಾಡಿ ಗಂಡನ ಮುಖ ನೋಡಿದಳು. ಜಯಶೀಲ ಬೇಡವೆಂದು ತಲೆಯಾಡಿಸಿದ. ಅಕ್ಕನೇ ಬೇಡವೆಂದದ್ದು. ಕೊಟ್ಟ ಮಾತು. ಚೇತನಾ ಅವನನ್ನು ಒಂದು ಗಳಿಗೆ ಹಾಗೇ ನೋಡಿ, ಟ್ರೇ ಎತ್ತಿಕೊಂಡು ಒಳಗೆ ಹೋದಳು.

"ದಾರಿ ತಪ್ಪಿದ ಈ ಮಗಳನ್ನು ಕ್ಷಮಿಸು ತಂದೆಯೇ," ಎಂದರು ಪಾಸ್ಟರ್. "ತೆಗೆದುಕೊಂಡದ್ದನ್ನೆಲ್ಲ ನಿನಗೆ ಹಿಂದಕ್ಕೆ ಕೊಡುವ ಮನಸ್ಸು ಇವಳಿಗೆ ಕೊಡು."

ಅಕ್ಕ ತಲೆ ಬಗ್ಗಿಸಿಕೊಂಡೇ ಇದ್ದಳು. ಪಾಸ್ಟರ್ ಒಳ್ಳೆಯವರು, ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಎರಡು ಮಾರು ದೂರದಲ್ಲಿ ನಿಂತಿದ್ದ.

"ಆಮೆನ್," ಎಂದ ಜಯಶೀಲ, ಎಲ್ಲರ ಜೊತೆ.

ಕೆಳಗೆ ಲಗೇಜ್ ಆಟೋದ ಹಾರ್ನ್ ಕೇಳಿಸಿತು.

"ಬಂದ್ರು ನಿಮ್ ಭಾವ," ಎಂದು ಸುಗುಣಾ ಗೋಡೆ ಹಿಡಿದು ಎದ್ದಳು. ಚೇತನಾ ಕೊಟ್ಟ ಕೇಕನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಜಯಶೀಲ ಅವಳ ಹಿಂದೆಯೇ ಹೊರಗೆ ಬಂದು ಬಾಗಿಲು ಮುಂದಕ್ಕೆ ಮಾಡಿದ. ಒಳಗೆ ಕಾಫಿ, ಮಾತು, ನಗು. ಹೊರಗೆ ಮೆಟ್ಟಿಲ ಮೇಲಿನ ಚಿಕ್ಕ ಜಾಗದಲ್ಲಿ ಇಬ್ಬರೇ.

ಅವಳು ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಕಾಲಿನಿಂದಲೇ ಈಚೆಗೆ ಎಳೆದುಕೊಂಡು ತೂರಿಸಿದಳು. ಪಟ್ಟಿ ಅರ್ಧಕ್ಕೇ ನಿಂತಿತು. ಮತ್ತೆ ತೂರಿಸಿದಳು.

"ಬರೋವಾಗ ಹಾಕ್ಕೊಂಡೇ ಬಂದಿದ್ನಲ್ಲೋ," ಎಂದಳು, ಚಪ್ಪಲಿಯನ್ನೇ ನೋಡುತ್ತಾ.

ಜಯಶೀಲ ಮಂಡಿಯೂರಿದ.

"ಏಯ್, ಏಳೋ! ಹಂಗೆಲ್ಲ ಬಗ್ಗಬಾರದು ನೀನು. ಹೊಟ್ಟೆಗೆ ಒತ್ತುತ್ತೆ."

ಅವನು ಏಳಲಿಲ್ಲ. ಎಡಗೈಯಲ್ಲಿ ಚಪ್ಪಲಿ ಹಿಡಿದು, ಬಲಗೈಯಲ್ಲಿ ಅವಳ ಪಾದವನ್ನು ಒತ್ತಿ ಒಳಕ್ಕೆ ತಳ್ಳಿದ. ಪಾದ ಹೋಗಲಿಲ್ಲ. ಕೈ ತೆಗೆದ. ಹೆಬ್ಬೆರಳು ಒತ್ತಿದ ಜಾಗದಲ್ಲಿ ಗುಣಿ ಬಿದ್ದಿತ್ತು. ಅವನು ನೋಡುತ್ತಾ ಇದ್ದ. ಅದು ತುಂಬಿಕೊಳ್ಳಲಿಲ್ಲ.

"ಅಕ್ಕ..."

"ಬಿಡೋ. ಬರಿಗಾಲಲ್ಲೇ ಹೋಗ್ತೀನಿ, ಗಾಡೀಲಿ ತಾನೆ."

ಅವಳು ಬಗ್ಗಿ ಚಪ್ಪಲಿಗಳನ್ನು ಕೈಗೆತ್ತಿಕೊಂಡಳು. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲನ್ನು ಇಟ್ಟು, ನಿಂತು, ಇಳಿದಳು. ತಿರುವಿನಲ್ಲಿ ಅವಳ ತಲೆ ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ.

ಅವನು ಮಂಡಿಯ ಮೇಲೇ ಇದ್ದ. ನಾಳೆ ಬೆಳಗ್ಗೆ ಬರ್ತೀನಿ, ಇಬ್ಬರೂ ಆಸ್ಪತ್ರೆಗೆ ಹೋಗೋಣ. ಇಷ್ಟೇ. ಕೂಗಿದರೆ ಇನ್ನೂ ಕೇಳಿಸುತ್ತಿತ್ತು. ಬೇರೆ ಮಾತುಗಳೂ ಇದ್ದವು. ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದು, ಒಂದಕ್ಕೊಂದು ದಾರಿ ಬಿಡದೆ ಸಿಕ್ಕಿಕೊಂಡವು. ಏಳಲೆಂದು ಎರಡೂ ಕೈ ನೆಲಕ್ಕೆ ಊರಿದ. ಕೆಳಗೆ ಲಗೇಜ್ ಆಟೋ ಸ್ಟಾರ್ಟ್ ಆಗಿ, ಗೇರು ಬಿದ್ದು, ಸದ್ದು ರಸ್ತೆಯಲ್ಲಿ ದೂರವಾಯಿತು.

ಹಿಂದೆ ಬಾಗಿಲು ತೆರೆಯಿತು. ನಗುತ್ತಾ ಬಂದವರು ಥಟ್ಟನೆ ಸುಮ್ಮನಾದರು.

"ಶ್," ಎಂದರು ಪಾಸ್ಟರ್, ಪಿಸುಮಾತಿನಲ್ಲಿ. "ಪ್ರಾರ್ಥನೇಲಿದಾರೆ."

ಯಾರೋ ಅವನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ತೆಗೆದರು. ಗ್ರೇಸಮ್ಮ "ಸ್ತೋತ್ರ" ಎಂದು ಉಸಿರಿನಲ್ಲೇ ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಸೀರೆಯ ನೆರಿಗೆ, ಪ್ಯಾಂಟಿನ ತುದಿ ಎತ್ತಿ ಹಿಡಿದು, ರಾಶಿಯಿಂದ ತಮ್ಮ ತಮ್ಮ ಚಪ್ಪಲಿ ಆರಿಸಿಕೊಂಡು, ನೆಲದ ಮೇಲಿದ್ದ ಅವನ ಕೈಗಳನ್ನು ತುಳಿಯದಂತೆ ಹುಷಾರಾಗಿ ದಾಟಿಕೊಂಡು, ಸದ್ದಿಲ್ಲದೆ ಇಳಿದು ಹೋದರು.